ಗುರುತಿಗಾಗಿ ಕಾಯ್ದ ಮುಖ

ಅಕ್ಕನ ಕೆನ್ನೆಯ ಮೇಲೆ ಬೆಳಕು ನಿಲ್ಲುತ್ತಿತ್ತು. ಇಳಿಹೊತ್ತಿನ ಬಿಸಿಲು ಓಣಿಯ ಎಲ್ಲರ ಮುಖದ ಮೇಲೂ ಬೀಳುತ್ತಿತ್ತು, ನಮ್ಮ ಮುಖಗಳು ಎರೆಹೊಲದ ಹಾಗೆ ಅದನ್ನು ಕುಡಿದುಬಿಡುತ್ತಿದ್ದವು. ಅವಳ ಕೆನ್ನೆ ಮಾತ್ರ ಹೊತ್ತು ಮುಳುಗಿದ ಮೇಲೂ ಒಂದಿಷ್ಟು ಹೊಳಪನ್ನು ತನ್ನಲ್ಲೇ ಇಟ್ಟುಕೊಂಡಿರುತ್ತಿತ್ತು.

ನಾನು ದೇವಾಪುರಕ್ಕೆ ಸೊಸೆಯಾಗಿ ಬಂದಾಗ ಅವಳು ಪಕ್ಕದ ಮನೆಯಲ್ಲಿದ್ದಳು, ಗದ್ದದ ಮೇಲೆ ಒಂದು ಹಸಿರು ಹಚ್ಚೆ. ಬಂದ ದಿನವೇ ಅಕ್ಕ ಎಂದೆ, ಅವಳು ತಂಗಿ ಎಂದಳು. ನಿಜಾಮನ ಆಳ್ವಿಕೆಯ ಕೊನೆಯ ಗದ್ದಲದಲ್ಲಿ ಅವಳ ಗಂಡ ಕುರಿಗಳನ್ನು ಉಳಿಸಿಕೊಳ್ಳಲು ತಾಳಿಕೋಟಿ ಕಡೆ ಹೊಡೆದುಕೊಂಡು ಹೋಗಿದ್ದನಂತೆ. ಗದ್ದಲ ಅಡಗಿತು, ಹೊಸ ಸರ್ಕಾರ ಬಂತು, ಊರು ಬಿಟ್ಟವರು ಒಬ್ಬೊಬ್ಬರಾಗಿ ಮರಳಿದರು. ಅವನು ಮಾತ್ರ ಬರಲಿಲ್ಲ. ಮಕ್ಕಳಿರಲಿಲ್ಲ. ಅಕ್ಕ ಒಂದಿಷ್ಟು ಆಡು ಸಾಕಿಕೊಂಡು ಒಬ್ಬಳೇ ಇದ್ದಳು.

ಅವಳ ಮನೆ ನೆನೆದರೆ ನನಗೆ ಮೊದಲು ಹೊಗೆ ಕಾಣುತ್ತದೆ, ತೆಳ್ಳಗೆ, ನೀಲಿಯಾಗಿ. ಆಡಿನ ಕಾಲುಗಳನ್ನು ಸುಟ್ಟು, ಕೆರೆದು, ಗಡಿಗೆಗೆ ಹಾಕಿ ಸಣ್ಣ ಉರಿಯಲ್ಲಿ ದಿನವಿಡೀ ಕುದಿಸುತ್ತಿದ್ದಳು. ಓಣಿಯ ಹೊತ್ತೇ ಆ ಗಡಿಗೆಯೊಳಗೆ ನಿಧಾನ ಬೇಯುತ್ತಿದೆ ಅನ್ನಿಸುತ್ತಿತ್ತು. ಮರುದಿನ ಸಾರು ತಣ್ಣಗೆ ಹೆಪ್ಪುಗಟ್ಟಿ, ಮುಟ್ಟಿದರೆ ನಡುಗುತ್ತಿತ್ತು. ಅದನ್ನು ಬಿಸಿ ಮಾಡಿ ಲಿಂಬೆಹಣ್ಣು ಹಿಂಡಿ ಕುಡಿಯುವಳು. ಮೈಗೆ ಕುಸುಬೆ ಎಣ್ಣೆ, ತೊಳೆಯಲು ಕಡಲೆಹಿಟ್ಟು. ಹೊರಗೆ ಹೊರಟರೆ ಸೆರಗು ಕಣ್ಣಿನ ತನಕ. "ಬಿಸಲಿಗಿ ಮುಖಾ ಕೊಟ್ರ ಅದು ಹೊಳ್ಳಿ ಕೊಡಂಗಿಲ್ಲ ತಂಗಿ," ಅನ್ನುತ್ತಿದ್ದಳು. ಈಗ ನನ್ನ ಮೊಮ್ಮಗಳು ಶಹಾಪುರದಿಂದ ಕೊಲಾಜೆನ್ ಪುಡಿ ತಂದು ಹಾಲಿಗೆ ಕಲಸಿಕೊಳ್ಳುತ್ತಾಳೆ. ಚರ್ಮ ಸಡಿಲಾಗದಿರಲಿ ಅಂತ. ಕಾಲಿನ ಸಾರಿನಲ್ಲಿ ಇರುವುದೂ ಅದೇ ಅಂತೆ; ಅಕ್ಕನಿಗೆ ಆ ಹೆಸರು ಗೊತ್ತಿರಲಿಲ್ಲ.

ಒಮ್ಮೆ ಕಟ್ಟೆಯ ಮೇಲೆ ಬಳೆಗಾರನ ಮುಂದೆ ಎಲ್ಲರೂ ಕೈ ಚಾಚಿ ಕೂತಿದ್ದೆವು. ಒಬ್ಬಾಕೆ ಅಂದಳು, "ಗಂಡ ಹೋಗಿ ಎಷ್ಟ್ ವರ್ಷಾತು, ಈಕಿ ಮುಖಾ ನೋಡ್ರಿ, ನಿನ್ನಿ ಮದಿವ್ಯಾದಾಕಿ ಹಂಗ ಐತಿ! ಯಾರ ಸಲುವಾಗಿ ಈ ಸಿಂಗಾರ?"

ಬಳೆಗಾರನೂ ನಕ್ಕ. ಅಕ್ಕ ಚಾಚಿದ ಕೈ ಹಿಂದೆಗೆಯಲಿಲ್ಲ.

"ಅವನ ಸಲುವಾಗಿ. ಬಂದಾಗ ಗುರ್ತು ಸಿಗಬೇಕಲ್ಲ? ಯಾವಾಕಿಯೋ ಮುದುಕಿ ಕುಂತಾಳ ಅಂತ ಹೊಳ್ಳಿ ಹೋದ್ರ ಏನ್ ಮಾಡ್ಲಿ?"

ಬಳೆಗಾರ ಅವಳ ಕೈ ಹಿಡಿದು ಬಳೆ ಏರಿಸತೊಡಗಿದ.

ನನ್ನ ಎರಡನೆಯ ಹೆರಿಗೆಯ ಮೇಲೆ ನಾನು ಸೊರಗಿಹೋದೆ. ಕೆನ್ನೆ ಒಡೆದು ಉರಿಯುತ್ತಿತ್ತು, ಕನ್ನಡಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೆ. ಅಕ್ಕ ದಿನಾ ಬಟ್ಟಲು ಹಿಡಿದು ಬರುತ್ತಿದ್ದಳು. "ಒಲ್ಲೆ ಅನಬ್ಯಾಡ, ಕುಡಿ. ನಿನ್ನ ಮುಖಾ ನಿನಗ ಬೇಕಾಗ್ತದ," ಎಂದು ಪಕ್ಕದಲ್ಲೇ ಕೂತು ಕುಡಿಸುತ್ತಿದ್ದಳು. ನಾನು ಎದ್ದು ಓಡಾಡುವಂತಾದದ್ದು ಅವಳ ಕೈಯಿಂದಲೇ.

ಸಜ್ಜೆ ಕೊಯ್ಲಿನ ಕಾಲದ ಒಂದು ಮಧ್ಯಾಹ್ನ ಅವಳ ಬಾಗಿಲಲ್ಲಿ ಒಬ್ಬ ಬಂದು ನಿಂತ. ಹೆಗಲ ಮೇಲೆ ಕಂಬಳಿ, ಸುಟ್ಟ ತೊಗಟೆಯಂಥ ಮುಖ. ದಾರಿಹೋಕ ಮುದುಕನೆಂದು ಅಕ್ಕ ಚರಿಗೆಯಲ್ಲಿ ಮಜ್ಜಿಗೆ ತಂದಳು. ಅವನು ಚರಿಗೆ ಮುಟ್ಟಲಿಲ್ಲ, ಅವಳನ್ನೇ ನೋಡುತ್ತಾ ನಿಂತ.

"ಬಳಿಗಾರ ಖರೇನ ಹೇಳಿದ್ದ," ಅಂದ.

ಮುಖದಿಂದಲ್ಲ, ಆ ದನಿಯಿಂದ ಅವಳಿಗೆ ಗೊತ್ತಾಯಿತು. ಚರಿಗೆ ಕೆಳಗಿಟ್ಟು ಹೊಸ್ತಿಲು ದಾಟಿದಳು. ಅವನ ಮುಂಗೈ ಹಿಡಿದು ಸವರುತ್ತಾ, "ಎಷ್ಟು ಸುಟ್ಟಿಯಪ್ಪಾ... ಎಷ್ಟು ಸುಟ್ಟೀ," ಎಂದಳು.

ಊರ ಓಣಿಯೇ ಸುಟ್ಟುಹೋಗಿದೆ, ನಿನ್ನ ಹೆಂಡತಿಯೂ ಉಳಿದಿಲ್ಲ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಕುರಿ ರೋಗಕ್ಕೆ ಸತ್ತವು. ಅವನು ಸೊಲ್ಲಾಪುರದ ಕಡೆ ಕಂಡವರ ಕುರಿ ಕಾಯುತ್ತಾ ಉಳಿದುಬಿಟ್ಟ. ಕೊನೆಗೊಮ್ಮೆ ತಾಳಿಕೋಟಿ ಸಂತೆಗೆ ಬಂದಾಗ, ನಮ್ಮ ಬಳೆಗಾರ ಜನರನ್ನು ನಗಿಸುತ್ತಾ ದೇವಾಪುರದ ಹೆಂಗಸಿನ ಸುದ್ದಿ ಹೇಳುತ್ತಿದ್ದ: ಗಂಡನಿಗೆ ಗುರುತು ಸಿಗಲೆಂದು ಕಾಲಿನ ಸಾರು ಕುಡಿದು ಪ್ರಾಯ ಕಾಯುವವಳು. ಇವನು ಮಾತ್ರ ನಗಲಿಲ್ಲ. ಗದ್ದದ ಮೇಲೆ ಹಚ್ಚೆ ಇದೆಯೇ ಎಂದು ಕೇಳಿದ. ಇದೆ ಅಂದದ್ದೇ ತಡ, ನಡೆದು ಬಂದುಬಿಟ್ಟ.

ಅಂದಿನಿಂದ ಸಾರು ಅವನಿಗೆ, ಎಣ್ಣೆ ಅವನ ಒಡೆದ ಹಿಮ್ಮಡಿಗೆ. "ನಿನಗ?" ಎಂದು ಕೇಳಿದೆ. "ನನಗಿನ್ನ ಯಾಕ? ನೋಡ್ಯಾನಲ್ಲ," ಎಂದು ನಕ್ಕಳು. ತಡವಾಗಿ ಬಂದ ನೆಂಟರ ಹಾಗೆ ಸುಕ್ಕುಗಳೆಲ್ಲ ಒಟ್ಟಿಗೇ ಬಂದವು. ಅವಳು ಸೆರಗು ಹಿಂದೆ ಸರಿಸಿ, ಎಳೆಬಿಸಿಲಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ಅವನ ಪಕ್ಕ ಕೂರುತ್ತಿದ್ದಳು. ಅಷ್ಟು ಚೆಂದ ಅವಳು ಎಂದೂ ಕಂಡಿರಲಿಲ್ಲ.

ವರ್ಷಗಳ ಮೇಲೆ, ಒಂದು ಚಳಿಗಾಲ, ಸಣ್ಣ ಜ್ವರದಲ್ಲಿ ಅವನಿಗಿಂತ ಮೊದಲೇ ಹೋದಳು. ಮೈ ತೊಳೆಯಲು ಹೆಂಗಸರು ಸೇರಿದ್ದರು. ಮೊದಲ ನೀರು ಹಾಕಲು ತವರಿನವರು ಯಾರಿದ್ದಾರೆ ಎಂದು ಹಿರಿಯಳೊಬ್ಬಳು ಕೇಳಿದಳು. ಅವನು ಗೋಡೆಗೊರಗಿ ಕೂತಲ್ಲಿಂದಲೇ ನನ್ನ ಕಡೆ ಕೈ ಮಾಡಿದ.

"ತಂಗಿ ಅದಾಳಲ್ಲ. ಆಕೀನ ಹಾಕ್ಲಿ."

ಹೆಂಗಸರು ಸರಿದು ದಾರಿ ಬಿಟ್ಟರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಹೋದೆ.