ಮೀಠ ಎಂದದ್ದಕ್ಕೆ

ಇನ್ನೇನು ಮಳೆ ಹಿಡಿಯಬೇಕು ಎನ್ನುವ ದಿನಗಳಲ್ಲಿ, ಬೆಳಗಿನ ಗಾಡಿಗೆ ನಾನು ಬೆಳಗಾವಿ ಬಿಟ್ಟೆ. ಖಾನಾಪುರಕ್ಕೆ ಮೂರನೇ ದರ್ಜೆಯ ಟಿಕೀಟು ನಾಲ್ಕಾಣೆ. ಹದಿನಾರು ಮೈಲಿಗೆ ಬುತ್ತಿ, ಕೊಡೆ, ಕರೀ ಟೊಪ್ಪಿಗೆ ಎಲ್ಲ ಹೊಂದಿಸಿಕೊಂಡ ನನ್ನನ್ನು ನೋಡಿ ಮನೆಯವಳು ನಕ್ಕಳು. ರವಿವಾರಪೇಟೆಯ ಕಿರಾಣಿ ಅಂಗಡಿ ಬಿಟ್ಟು ಕದಲದವನಿಗೆ ಅದೇ ನಮ್ಮ ಜೈನರ ಶಿಖರಜಿ ಯಾತ್ರೆ.

ಜೊತೆಗೆ ಎಲ್ಲವ್ವ ಇದ್ದಳು. ಹಲಸಿಯಾಚೆಯ ಹಳ್ಳಿಯ ದನಗಾಹಿ ಪರಸಪ್ಪನ ಹೆಂಡತಿ. ಪರಸಪ್ಪ ಎಷ್ಟೋ ವರ್ಷದಿಂದ ನಮ್ಮ ಅಂಗಡಿಗೆ ಬೆಣ್ಣೆ ತಂದು ಹಾಕುವವನು. ಈಗ ಖಾನಾಪುರದ ತಾಲೂಕು ಕಚೇರಿಯಲ್ಲಿ ಬಂಧನದಲ್ಲಿದ್ದ.

"ನಿಮಗ ಕ್ಯಾಂಪಿನ ಸಿಪಾಯಿಗಳ ಹಿಂದುಸ್ತಾನಿ ಮಾತು ಬರ್ತೈತಿ ಸಾವಕಾರ್ರ. ಬಂದು ಸಾಹೇಬ್ರಿಗೆ ತಿಳಿಸಿ ಹೇಳ್ರಿ. ನನ್ನ ಗಂಡ ಸುಳ್ಳು ಆಡಿಲ್ಲ" ಎಂದು ಅವಳು ಹಿಂದಿನ ಸಂಜೆ ಅಂಗಡಿ ಮುಂದೆ ಕೂತುಬಿಟ್ಟಿದ್ದಳು.

ದೇಸೂರು ದಾಟುವಷ್ಟರಲ್ಲಿ ಕಥೆಯೆಲ್ಲ ತಿಳಿಯಿತು. ಮಳೆಗಾಲದಲ್ಲಿ ದನಕ್ಕೆ ಉಪ್ಪು ನೆಕ್ಕಿಸದಿದ್ದರೆ ಮೈ ತುಂಬುವುದಿಲ್ಲ. ಪರಸಪ್ಪ ಘಟ್ಟ ಇಳಿದು, ಸುಂಕವಿಲ್ಲದ ಗೋವಾದ ಉಪ್ಪನ್ನು ಎತ್ತಿನ ಮೇಲೆ ಹೇರಿಕೊಂಡು ಬಂದ. ಸುಂಕದ ಚೌಕಿಯಲ್ಲಿ ಉತ್ತರದ ಕಡೆಯ ಹೊಸ ಪಹರೆಯವನು ಹಿಂದುಸ್ತಾನಿಯಲ್ಲಿ, ಚೀಲದಲ್ಲಿ ಏನು ಎಂದು ಕೇಳಿದ. ಖಾನಾಪುರದ ಕಡೆಯವರಿಗೆ ಕನ್ನಡವಲ್ಲದ್ದೆಲ್ಲ ಮರಾಠಿ. ಪರಸಪ್ಪ ಮರಾಠಿಯಲ್ಲೇ "ಮೀಠ" ಎಂದ. ಮರಾಠಿಯಲ್ಲಿ ಮೀಠ ಎಂದರೆ ಉಪ್ಪು, ಹಿಂದುಸ್ತಾನಿಯಲ್ಲಿ ಮೀಠಾ ಎಂದರೆ ಸಿಹಿ. ಬೆಲ್ಲವಿರಬೇಕೆಂದು ಪಹರೆಯವನು ಕೈಬೀಸಿ ಬಿಟ್ಟ. ಮುಂದಿನ ಚೌಕಿಯಲ್ಲಿ ಚೀಲ ಬಿಚ್ಚಿದರು. ಕಳ್ಳಸಾಗಣೆಯ ಜೊತೆಗೆ ಸರಕಾರಕ್ಕೆ ಸುಳ್ಳು ಹೇಳಿದ ಅಪರಾಧವೂ ಸೇರಿತು.

ನನಗೆ ನಗು ಬಂತು, ಎಲ್ಲವ್ವನ ಮುಖ ನೋಡಿ ಕಿಟಕಿಯ ಕಡೆ ತಿರುಗಿದೆ. ನಾನೂ ಉಪ್ಪು ಮಾರುವವನೇ. ನನ್ನದು ಸುಂಕ ಕೊಟ್ಟ ಉಪ್ಪು, ಮುಂಬಯಿ ಕಡೆಯಿಂದ ರೈಲಿನಲ್ಲಿ ಬರುತ್ತದೆ, ಪರಸಪ್ಪನಂಥವರು ದನಕ್ಕೆ ಹಾಕುವಷ್ಟು ಅಗ್ಗವಲ್ಲ. ಗೋವಾದ ಸಮುದ್ರ ಇದೇ ಘಟ್ಟದ ಕೆಳಗಿದೆ. ಇಂಗ್ಲಿಷರಿಗೂ ಪೋರ್ತುಗೀಜರಿಗೂ ಬಹಳ ಹಳೆಯ ಸ್ನೇಹವಂತೆ. ಒಬ್ಬರ ಬೊಕ್ಕಸಕ್ಕೆ ಸುಂಕ ಬೇಕು, ಇನ್ನೊಬ್ಬರಿಗೆ ಅವರನ್ನು ಎದುರು ಹಾಕಿಕೊಳ್ಳುವ ತಾಕತ್ತಿಲ್ಲ. ಆ ಸ್ನೇಹದ ಹೊರೆಯನ್ನು ನಮ್ಮ ಘಟ್ಟದಲ್ಲಿ ಎತ್ತು ಹೊರಬೇಕು. ಯೋಚಿಸಿದಷ್ಟೂ ನನಗೆ ಸಿಟ್ಟು ಬಂತು.

ಖಾನಾಪುರದಲ್ಲಿ ಇಳಿದಾಗ ಸೆಕೆ. ಕುಂಬಾರರ ಆವಿಗೆಯ ಹೊಗೆ ದಾರಿಯ ಮೇಲೇ ಕವಿದಿತ್ತು. ಚಹಾ ಕುಡಿಯೋಣವೆಂದರೆ ಎಲ್ಲವ್ವ ಒಲ್ಲೆ ಎಂದಳು. ನೇರ ಕಚೇರಿಗೆ ನಡೆದೆವು.

ಮಾಮಲೇದಾರ ಸಾಹೇಬರು ನಮ್ಮ ಕಡೆಯವರೇ, ಕೆಟ್ಟವರಲ್ಲ. ನನ್ನ ಮಾತು ಪೂರಾ ಕೇಳಿ, ಪಹರೆಯವನ ಪಜೀತಿ ನೆನೆದು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಕನ್ನಡಕ ಒರೆಸುತ್ತ ಮೆಲ್ಲಗೆ ಅಂದರು:

"ಖರೇ ಅದ, ಸುಳ್ಳು ಹೇಳಿಲ್ಲ. ಆದ್ರ ಉಪ್ಪು ಅಂತ ಗೊತ್ತಿದ್ದೇ ತಂದಾನ ಅಂತಾತು. ಇದು ಇನ್ನೂ ದೊಡ್ಡ ತಪ್ಪು ಆತು ನೋಡ್ರಿ. ಚೀಲದಾಗ ಏನೈತಿ ಗೊತ್ತಿಲ್ಲ, ಯಾರೋ ಕೊಟ್ಟ್ರು ಅಂತ ಒಂದ್ ಮಾತು ಹೇಳಲಿ. ಎತ್ತು ಹೊಡ್ಕೊಂಡು ಇವತ್ತ ಮನಿಗೆ ಹೋಗಲಿ."

ಪರಸಪ್ಪನನ್ನು ಕರೆತಂದರು. ನನ್ನನ್ನು ಕಂಡು ಕೈ ಮುಗಿದ. ನಾನೇ ಹತ್ತಿರ ಹೋಗಿ, ಒಂದೇ ಮಾತು ಅನ್ನುವಂತೆ ಹೇಳಿಕೊಟ್ಟೆ. ಗೊತ್ತಿಲ್ಲ ಅನ್ನು, ಸಾಕು.

"ಅದೊಂದು ಆಗೂದಿಲ್ರಿ ಸಾವಕಾರ್ರ. ಉಪ್ಪಿನ ಮ್ಯಾಲ ನಾವು ಸುಳ್ಳು ಆಡಂಗಿಲ್ಲ."

ಅವನ ಮಾತು ನನಗೆ ತಿಳಿಯದ್ದೇನಲ್ಲ. ಅವರ ಮಂದಿಯಲ್ಲಿ ದನ ಕೊಳ್ಳುವಾಗ, ಮದುವೆ ಗೊತ್ತು ಮಾಡುವಾಗ ಇಬ್ಬರೂ ಉಪ್ಪು ಮುಟ್ಟಿ ಮಾತಾಡುತ್ತಾರೆ. ನಮ್ಮ ಬೆಣ್ಣೆಯ ವ್ಯವಹಾರವೂ ನನ್ನ ಅಂಗಡಿಯ ಉಪ್ಪಿನ ಗೋಣಿಯಲ್ಲಿ ಇಬ್ಬರೂ ಕೈಯಿಟ್ಟು ಶುರುವಾದದ್ದು.

"ಒಂದ್ ಸಲ ಅನ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ದನಾ ಯಾರು ಕಾಯಬೇಕು? ನಾ ಒಬ್ಬಾಕಿ ಏನ್ ಮಾಡ್ಲಿ?" ಎಂದು ಎಲ್ಲವ್ವ ನೆಲದ ಮೇಲೆ ಕುಸಿದಳು.

ಅವನು ಬಗ್ಗಿ ಅವಳ ತಲೆ ಮುಟ್ಟಿದ. ಆದರೂ ಸಾಹೇಬರತ್ತ ತಿರುಗಿ, "ಉಪ್ಪು ಅಂತ ಗೊತ್ತಿತ್ರಿ" ಎಂದ.

ಸಾಹೇಬರ ಮುಖದಲ್ಲಿ ನಗು ಉಳಿಯಲಿಲ್ಲ. ಆರು ತಿಂಗಳು ಬೆಳಗಾವಿಯ ತುರಂಗದಲ್ಲಿ ಸಜೆ, ಎತ್ತು ಹರಾಜಿಗೆ, ಉಪ್ಪು ನಾಶ. ಬರೆಯುವಾಗ ಅವರು ತಲೆ ಎತ್ತಲಿಲ್ಲ. ನನಗೆ ಅಳು ಬಂತು. ಬಿಡಿಸಲು ಬಂದವನು ಬರಿಗೈಯಲ್ಲಿ ನಿಂತಿದ್ದೆ.

ಮಧ್ಯಾಹ್ನ ಪೊಲೀಸನೊಬ್ಬ ಅವನಿಗೆ ಬೇಡಿ ಹಾಕಿ ರೈಲು ಸ್ಟೇಷನ್ನಿಗೆ ಹೊರಡಿಸಿದ. ಕಚೇರಿಯ ಅಂಗಳದ ಹುಣಿಸೇಮರದ ಕೆಳಗೆ ಜವಾನ ಉಪ್ಪಿನ ಚೀಲ ಸುರಿದು, ಕೊಡ ಕೊಡ ನೀರು ಹೊಯ್ದು ಕರಗಿಸುತ್ತಿದ್ದ. ಅಲ್ಲೇ ಕಟ್ಟಿದ್ದ ಎತ್ತು ಹಗ್ಗ ಜಗ್ಗಿ ಕತ್ತು ನೀಡಿ ಒದ್ದೆ ಮಣ್ಣನ್ನು ನೆಕ್ಕತೊಡಗಿತು. ಜವಾನ ಬಡಿಗೆ ಎತ್ತಿ ಅದರ ಮೂತಿಗೆ ಹೊಡೆದ.

ಅಲ್ಲಿಯತನಕ ಯಾರನ್ನೂ ಏನನ್ನೂ ಬೇಡದ ಪರಸಪ್ಪ ಬೇಡಿಯ ಕೈಗಳನ್ನು ಮೇಲೆತ್ತಿ ಕೂಗಿದ:

"ಹೊಡೀಬ್ಯಾಡ್ರೀ ಯಪ್ಪಾ! ಅದಕ್ಕ ಗೊತ್ತಿಲ್ರೀ!"

ಎಲ್ಲವ್ವ ಎತ್ತಿನ ಕೊರಳು ತಬ್ಬಿ ಅಲ್ಲೇ ನಿಂತಳು. ಅದೇ ಸಂಜೆಯ ಗಾಡಿಯಲ್ಲಿ ನಾನೂ ಅವನೂ ಬೆಳಗಾವಿಗೆ ಬಂದೆವು, ಎದುರುಬದುರಾಗಿ ಕೂತು.