ಕೊನೆಯ ಬೆಂಚಿನ ಮೇಡಂ

ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ನಮ್ಮ ಮೇಡಂ ಬಲಗಿವಿಯ ಸಂದಿಯಲ್ಲಿ ಚಾಕ್‌ಪೀಸ್ ಸಿಕ್ಕಿಸಿಕೊಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಆ ಕಡೆಯ ಕೂದಲೆಲ್ಲ ಬೆಳ್ಳಗಾಗಿ ಒಂದೇ ತಲೆಗೆ ಎರಡು ವಯಸ್ಸು ಬಂದಿರುತ್ತಿತ್ತು. ಹೊಸಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿ ಅವರು ಇತಿಹಾಸ ವಿಭಾಗದ ಮುಖ್ಯಸ್ಥರು. ನಾನು ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹೊಸ ಉಪನ್ಯಾಸಕ.

ಹೇಳದೆ ಕೇಳದೆ ನನ್ನ ತರಗತಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂತುಬಿಡುವುದು ಅವರ ಚಾಳಿ. ಪಾಠ ಮುಗಿದ ಮೇಲೆ ಕ್ಯಾಂಟೀನಿನವರೆಗೆ ಜೊತೆಗೆ ನಡೆಯುತ್ತಾ ನನ್ನ ಬೆವರಿಳಿಸುತ್ತಿದ್ದರು. ವಿಜಯನಗರದ ನೀರಾವರಿಯ ಬಗ್ಗೆ ನಾನು ಒಂದು ಗಂಟೆ ಕೊರೆದ ದಿನ ಅವರು ಅಂದದ್ದು ನೆನಪಿದೆ.

“ಲೇ ತಮ್ಮಾ, ಕಿಟಕಿ ಕಡೆ ಕುಂತಿದ್ದ ಹುಡುಗಿ ಮಲಪನಗುಡಿಯಾಕಿ. ನೀ ಹೇಳಿದ ಬಾವಿ ಆಕಿ ಊರಾಗ ಐತಿ. ಆಕಿನ್ನ ಒಂದ್ ಮಾತು ಕೇಳಿದೇನು? ನಿನ್ನ ಪಾಡಿಗೆ ನೀ ಒದರಿದಿ.”

ಮರುದಿನ ಆ ಹುಡುಗಿಯನ್ನು ಕೇಳಿದೆ. ಯಾವ ಮೆಟ್ಟಿಲ ಮೇಲೆ ನಡುಮಧ್ಯಾಹ್ನವೂ ನೆರಳಿರುತ್ತದೆ, ನೀರು ಇಳಿದಾಗ ಯಾವ ಕಲ್ಲು ಕಾಣುತ್ತದೆ ಎಂದು ಹೇಳುತ್ತಾ ಹೋದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಪಾಠ ಮಾಡುವುದೆಂದರೆ ಏನೆಂದು ನನಗೆ ತಿಳಿದದ್ದು ಅವತ್ತು.

ಆಮೇಲೆ ಕಾಲೇಜಿಗೆ ಅಪ್ರೈಸಲ್ ಬಂತು. ಮುಖ್ಯಸ್ಥರು ವರ್ಷಕ್ಕೊಮ್ಮೆ ತಮ್ಮ ವಿಭಾಗದವರ ಬಗ್ಗೆ ಬರೆದುಕೊಡಬೇಕು, ಅದನ್ನು ನೋಡಿ ಕೆಲಸ ಮುಂದುವರಿಸುತ್ತಾರೆ. ಮೇಡಂ ನನಗೆ ಎದುರಿಗೆ ಹೇಳುತ್ತಿದ್ದುದನ್ನೇ ಅಲ್ಲೂ ಬರೆದರು: ಅವಸರ ಜಾಸ್ತಿ, ಈಗೀಗ ಮಕ್ಕಳ ಮಾತು ಕೇಳಲು ಕಲಿಯುತ್ತಿದ್ದಾರೆ, ಒಳ್ಳೆಯ ಮೇಷ್ಟ್ರಾಗುತ್ತಾರೆ. ಆಡಳಿತ ಮಂಡಳಿಯವರ ಕಣ್ಣಿಗೆ ಬಿದ್ದದ್ದು ಅವಸರ ಒಂದೇ. ನನ್ನ ಕೆಲಸವನ್ನು ಮುಂದುವರಿಸದೆ ತಡೆಹಿಡಿದರು.

ಮೇಡಂ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂಗಾಡಿದ್ದು ಸ್ಟಾಫ್ ರೂಮಿಗೂ ಕೇಳಿಸಿತು. “ನಾ ಬರದದ್ದು ಹುಡುಗನ್ನ ತಿದ್ದಾಕ್ರಿ, ತೆಗಿಯಾಕಲ್ಲ!”

ನನ್ನ ಕೆಲಸ ಉಳಿಯಿತು. ಆದರೆ ಅಂದಿನಿಂದ ಅವರು ಎಲ್ಲರಿಗೂ ‘ಅತ್ಯುತ್ತಮ’ ಎಂದು ಬರೆದರು, ಕೊನೆಯ ಬೆಂಚಿಗೆ ಬರುವುದನ್ನು ಬಿಟ್ಟರು. ಉಳಿದವರೂ ಹಾಗೇ ಆದರು. ಯಾರ ಪಾಠದ ಬಗ್ಗೆಯೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನೇ ಹೋಗಿ ಮೇಡಂ ಅವರನ್ನು ತರಗತಿಗೆ ಕರೆದರೆ, “ಚಲೋ ಮಾಡ್ತಿ ಬಿಡು” ಎಂದು ಚಾಕ್‌ಪೀಸನ್ನು ಕಿವಿಗೇರಿಸಿ ಹೊರಟುಬಿಡುತ್ತಿದ್ದರು. ಆ ಹೊಗಳಿಕೆ ಕೇಳಿ ನನಗೆ ಅಳು ಬರುತ್ತಿತ್ತು.

ನಿವೃತ್ತರಾದ ಮೇಲೆ ಸಂಡೂರಿನ ಮನೆಯಲ್ಲಿ ಕಾಯಿಲೆ ಬಿದ್ದರು. ನೋಡಲು ಹೋದವನು, ಹಂಪಿಯ ಬಜಾರಿನ ಪಾಠವನ್ನು ಹೇಗೆ ಮಾಡುತ್ತೇನೆಂದು ಬೇಕೆಂದೇ ಉದ್ದಕ್ಕೆ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ಥಟ್ಟನೆ ಕಣ್ಣು ಬಿಟ್ಟರು.

“ಅಲ್ಲೇ ನೋಡು ತಮ್ಮಾ, ನೀ ತಪ್ಪೋದು…”

ನಾನು ಮಂಚದ ಹತ್ತಿರ ಸರಿದೆ. ಅವರು ನನ್ನ ಮುಖವನ್ನೇ ನೋಡಿದರು.

“ಬ್ಯಾಡ ಬಿಡು. ಭಾಳ ಚಲೋ ಐತಿ.”

“ಹೇಳ್ರಿ ಮೇಡಂ. ಇಲ್ಲಿ ಬರಕೊಳ್ಳೋರು ಯಾರದಾರ?”

“ನನ್ನ ಮಾತಿಂದ ಒಮ್ಮೆ ನಿನ್ನ ಅನ್ನಾನ ಹೋಗ್ತಿತ್ತಲ್ಲೋ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಕೆಲವೇ ದಿನಗಳಲ್ಲಿ ತೀರಿಕೊಂಡರು.

ಈಗ ನನಗೂ ಪ್ರತಿ ವರ್ಷ ‘ಅತ್ಯುತ್ತಮ’ ಬರುತ್ತದೆ. ಹಂಪಿಯ ಬಜಾರಿನ ಪಾಠವನ್ನು ಈಗಲೂ ಮಾಡುತ್ತೇನೆ. ಎಲ್ಲೋ ಒಂದು ಕಡೆ ತಪ್ಪುತ್ತಿದ್ದೇನೆ. ಎಲ್ಲಿ ಎಂದು ಹೇಳುವವರಿಲ್ಲ.