ಒಂದು ಕೈ ಹೆಚ್ಚಾಗಿತ್ತು

“ಯಪ್ಪಾ, ಇನ್ನೊಂದ್ಸಲ ಕೈ ಎಣಸ್ರಿ” ಎಂದು ಆ ಹೆಂಗಸು ನನ್ನ ತೋಳು ಹಿಡಿದುಕೊಂಡಾಗ ನಾನಿನ್ನೂ ಗೆದ್ದ ಹುಮ್ಮಸ್ಸಿನಲ್ಲಿ ನಗುತ್ತಿದ್ದೆ.

ಎಂಬತ್ತರ ದಶಕದ ನಾಗಪುರ. ನಾವು ಕಾನೂನು ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಅಂದು ಮರಾಠಿಯಲ್ಲಿ ವಾದಿಸಿದ್ದು, ಗಲ್ಲುಶಿಕ್ಷೆಗೆ ಸಂವಿಧಾನದಲ್ಲಿ ಜಾಗವಿದೆಯೇ ಎಂಬ ಬಗ್ಗೆ. ಯಾರು ಯಾವ ಪಕ್ಷ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದೆವು. ನನಗೆ ಗಲ್ಲಿನ ಪರ ಬಂದಿತ್ತು. ಮನಸ್ಸಿಲ್ಲದಿದ್ದರೂ ಮೇಜು ಗುದ್ದಿ ಮಾತಾಡಿದೆ. ಕೊನೆಗೆ ಸಭಿಕರೂ ವಾದಿಸಿದ ನಾವೂ ಕೈ ಎತ್ತಿದೆವು. ಒಂದೇ ಒಂದು ಕೈ ಹೆಚ್ಚು ಬಂದು ನಾನು ಗೆದ್ದೆ.

ಆಕೆ ಸೊಲ್ಲಾಪುರದ ಕಡೆಯವಳು. ಗೆಳೆಯನ ಜೊತೆ ನಾನು ಕನ್ನಡ ಮಾತಾಡಿದ್ದು ಕೇಳಿ ಹತ್ತಿರ ಬಂದಿದ್ದಳು. ನಾಗಪುರದ ಜೈಲಿನಲ್ಲಿದ್ದ ಮಗನಿಗೆ ಗಲ್ಲುಶಿಕ್ಷೆಯ ತೀರ್ಪಾಗಿತ್ತು. ಹೈಕೋರ್ಟ್ ಇರುವ ಸಿವಿಲ್ ಲೈನ್ಸ್‌ನಲ್ಲಿ ವಕೀಲರನ್ನು ಹುಡುಕುತ್ತಿದ್ದವಳಿಗೆ ಯಾರೋ, ಗಲ್ಲಿನ ವಿಚಾರ ಇವತ್ತು ಇಲ್ಲಿ ತೀರ್ಮಾನವಾಗುತ್ತದೆ ಎಂದಿದ್ದರಂತೆ.

ನಾನು ಮೆಲ್ಲಗೆ ತೋಳು ಬಿಡಿಸಿಕೊಂಡೆ. “ಅಮ್ಮಾ, ಇದು ಕೋರ್ಟ್ ಅಲ್ಲ. ನಾವು ಓದೋ ಹುಡುಗರು, ಸುಮ್ಮನೆ ವಾದ ಮಾಡ್ತೀವಿ.”

ಆಕೆ ನನ್ನನ್ನೇ ನೋಡಿದಳು. “ಸುಮ್ಮನ ಯಾರರ ಸಾಯಲಿ ಅಂತ ಕೈ ಎತ್ತತಾರೇನ್ರಿ?”

ಗಲ್ಲಿನ ಪರ ಎತ್ತಿದ ಆ ಕೈಗಳಲ್ಲಿ ನನ್ನದೂ ಒಂದಿತ್ತು. ಅದನ್ನು ಆಕೆಗೆ ಹೇಳುವ ಧೈರ್ಯ ಬರಲಿಲ್ಲ. ಇಂದಿಗೂ ಯಾವ ಸಭೆಯಲ್ಲಾದರೂ ‘ಒಪ್ಪುವವರು ಕೈ ಎತ್ತಿ’ ಎಂದರೆ, ನನ್ನ ಕೈ ಮೇಲೇಳುವುದಿಲ್ಲ.